ಅಳಿವೆಗಳ ದಾರಿಯಲ್ಲಿ: ಮಂಗಳೂರಿನಿಂದ ಕಾರವಾರದವರೆಗೆ

ಮಂಗಳೂರಿನಿಂದ ಕಾರವಾರಕ್ಕೆ ಹೆದ್ದಾರಿಯ ಮೂಲಕ ಸುಮಾರು 270 ಕಿಲೋಮೀಟರು. 2010ರ ತನಕ 17 ಎಂಬ ಸಂಖ್ಯೆಯಿಂದ ಪರಿಚಿತವಾಗಿದ್ದು ಈಗ 66 ಎಂಬ ಸಂಖ್ಯೆಯನ್ನು ಧರಿಸಿರುವ ಈ ರಾಷ್ಟ್ರೀಯ ಹೆದ್ದಾರಿಯಲ್ಲಿ ಬೆಳಗ್ಗೆ ಹೊರಟವರು ಮಧ್ಯಾಹ್ನದ ಊಟದ ಹೊತ್ತಿಗೆ ಕಾರವಾರ ಸೇರುವುದು ಕಷ್ಟವೇನಲ್ಲ. ದಾರಿಯಲ್ಲಿ ಅವರು ದಾಟುವ ನೀರುಗಳ ಹೆಸರನ್ನು ಮಾತ್ರ ಕೇಳಬಾರದು. ಗುರುಪುರದ ಹೊಳೆ, ಶಾಂಭವಿ, ಉದ್ಯಾವರದ ಹೊಳೆ, ಸ್ವರ್ಣಾ, ಸೀತಾ, ಕುಂದಾಪುರದ ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ಇವು ದೊಡ್ಡವುಗಳ ಹೆಸರು ಮಾತ್ರ. ಒಂದೊಂದರ ಮೇಲೂ ಸೇತುವೆಯಿದೆ. ಒಂದೊಂದು ಸೇತುವೆಯನ್ನೂ ವಾಹನ ಒಂದೆರಡು ನಿಮಿಷದೊಳಗೆ ದಾಟಿಬಿಡುತ್ತದೆ. ಆ ಒಂದೆರಡು ನಿಮಿಷದಲ್ಲಿ ನಾವು ಹಿಂದೆ ಹಾಕಿ ಬರುವುದು ಒಂದು ಹೊಳೆಯನ್ನಷ್ಟೇ ಎಂದು ತಿಳಿದರೆ ತಪ್ಪು. ಪ್ರತಿಯೊಂದು ಸೇತುವೆಯ ಬಲಗಡೆಗೂ ಒಂದೊಂದು ಪಟ್ಟಣದ ಚರಿತ್ರೆ ಬಿದ್ದುಕೊಂಡಿದೆ.

ಕಳೆದ ನವೆಂಬರಿನಲ್ಲಿ ನಾವು ಮೂವರು ಈ ದಾರಿಯನ್ನು ಮೂರು ದಿನಗಳಲ್ಲಿ ಪೂರೈಸಿದೆವು. ವಾಹನ ನಡೆಸಿದವರು ನನ್ನ ಭಾವ. ಜೊತೆಗಿದ್ದವರು ಹೈಸ್ಕೂಲಿನಲ್ಲಿ ಬಹುಕಾಲ ಚರಿತ್ರೆ ಕಲಿಸಿ ನಿವೃತ್ತರಾದ ಮಾಸ್ತರರು. ನವೆಂಬರನ್ನು ನಮ್ಮಲ್ಲಿ ಮೃತರ ತಿಂಗಳೆಂದು ಕರೆಯುವುದುಂಟು. ಸತ್ತ ಬಂದರುಗಳನ್ನು ನೋಡಿ ಬರುವುದಕ್ಕೆ ಅದಕ್ಕಿಂತ ತಕ್ಕ ಕಾಲವಿಲ್ಲವೆಂದು ಮಾಸ್ತರರು ನಕ್ಕರು. ಅವರದೇ ಒಂದು ನಿಯಮವೂ ಇತ್ತು: ಸೇತುವೆ ಬಂದಾಗಲೆಲ್ಲ ಹೆದ್ದಾರಿಯನ್ನು ಬಿಟ್ಟು ಹೊಳೆಯ ದಂಡೆ ಹಿಡಿದು ಮೇಲಕ್ಕೆ ಹೋಗತಕ್ಕದ್ದು. ಪ್ರತಿಯೊಂದು ಸೇತುವೆಯಲ್ಲಿ ಅದನ್ನು ಪಾಲಿಸುವುದಾಗಲಿಲ್ಲ. ಪಾಲಿಸಿದಲ್ಲೆಲ್ಲ ಅದು ಸರಿಯಾದ ನಿಯಮವೆಂದು ಮನವರಿಕೆಯಾಯಿತು.

ಕಾರಣವನ್ನು ಹೇಳಬೇಕು. ಈ ಕರಾವಳಿಯ ಚರಿತ್ರೆ ತೆಂಕಣದಿಂದ ಬಡಗಣಕ್ಕೆ ನಡೆದುದಲ್ಲ. ಮೂಡಣದಿಂದ ಪಡುವಣಕ್ಕೆ, ಘಟ್ಟದಿಂದ ಕಡಲಿಗೆ ನಡೆದುದು. ಅಕ್ಕಿ, ಕಾಳುಮೆಣಸು, ಶುಂಠಿ, ಅಡಕೆಗಳು ಎತ್ತಿನ ಹೇರಾಗಿ ಘಟ್ಟವಿಳಿದು, ಹೊಳೆಯಲ್ಲಿ ದೋಣಿ ನಡೆಯುವ ಜಾಗಕ್ಕೆ ಬಂದು, ಅಲ್ಲಿಂದ ಅಳಿವೆಗೆ ತೇಲಿ ಹಡಗು ಸೇರುತ್ತಿದ್ದುವು. ಅದೇ ದಾರಿಯಲ್ಲಿ ಮರಳಿ ಕುದುರೆ, ತಾಮ್ರ, ರೇಷ್ಮೆ, ಖರ್ಜೂರಗಳು ಮೇಲೇರುತ್ತಿದ್ದುವು. ಆದಕಾರಣ ನಮ್ಮ ಹಳೆಯ ಪಟ್ಟಣಗಳಲ್ಲಿ ಹಲವು ಸಮುದ್ರದ ಅಂಚಿನಲ್ಲಿಲ್ಲ. ಅಳಿವೆಯಿಂದ ಒಂದೆರಡು ಹರದಾರಿ ಒಳಗೆ, ಭರತದ ನೀರು ಏರಿ ಬರುವಷ್ಟು ದೂರದಲ್ಲಿ, ಕಡಲುಗಳ್ಳರ ಕಣ್ಣಿಗೆ ಬೀಳದಂತೆ ಕುಳಿತಿವೆ. ಮಳೆಗಾಲದ ನಾಲ್ಕು ತಿಂಗಳು ಕಡಲು ಮುಚ್ಚಿರುವಾಗ ಹಡಗುಗಳಿಗೆ ಆಶ್ರಯವಾದುದೂ ಈ ಒಳನೀರೇ. ದಕ್ಷಿಣೋತ್ತರವಾಗಿ ಹೋಗಬೇಕಾದವನು ಹಡಗು ಹತ್ತುತ್ತಿದ್ದನು. ನೆಲದ ಮೇಲೆ ನಡೆದವನಿಗೆ ಹರದಾರಿಗೊಂದು ಕಡವು, ಕಡವಿಗೊಂದು ಕಾಯುವಿಕೆ. ನಮ್ಮ ತಂದೆಯವರ ಕಾಲದಲ್ಲಿಯೂ ಬಸ್ಸು ಹೊಳೆಯ ಈಚೆ ನಿಂತು, ಜನ ದೋಣಿಯಲ್ಲಿ ದಾಟಿ, ಆಚೆಯ ಬಸ್ಸಿಗೆ ಓಡಬೇಕಾಗಿತ್ತು. ನಾವಿಂದು ಚರಿತ್ರೆಗೆ ಅಡ್ಡಲಾಗಿ ಹಾಕಿದ ರಸ್ತೆಯಲ್ಲಿ ಹೋಗುತ್ತೇವೆ. ಆದ್ದರಿಂದಲೇ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ನಮಗಿಂತ ಮೊದಲು ಈ ತೀರವನ್ನು ಕಂಡು ಬರೆದಿಟ್ಟ ಮೂವರನ್ನು ಮನಸ್ಸಿನಲ್ಲಿಯೇ ಜೊತೆಗೆ ಕರೆದುಕೊಂಡಿದ್ದೆವು. 1342ರ ಸುಮಾರಿಗೆ ಬಂದ ಮೊರಾಕೊ ದೇಶದ ಇಬ್ನ್ ಬತೂತ, 1623ರಲ್ಲಿ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ, 1801ರಲ್ಲಿ ಕಂಪೆನಿ ಸರಕಾರದ ಅಪ್ಪಣೆಯಂತೆ ಸಮೀಕ್ಷೆಗೆ ಬಂದ ಫ್ರಾನ್ಸಿಸ್ ಬುಕಾನನ್. ಮೊದಲನೆಯವನು ಬಂದುದು ಹಡಗಿನಲ್ಲಿ. ಎರಡನೆಯವನು ಹಡಗು, ದೋಣಿ, ಪಲ್ಲಕ್ಕಿಗಳಲ್ಲಿ. ಮೂರನೆಯವನು ಮಾತ್ರ ಬಹುಮಟ್ಟಿಗೆ ನಮ್ಮಂತೆಯೇ ಹೊಳೆಯಿಂದ ಹೊಳೆಗೆ ದಾಟುತ್ತ ಉತ್ತರಾಭಿಮುಖವಾಗಿ ನಡೆದವನು.

ಮಂಗಳೂರನ್ನು ಕುರಿತು ಬರೆದವರು ಬಹಳ. ಇಲ್ಲಿ ಎರಡೇ ಮಾತು. ನೇತ್ರಾವತಿ ಮತ್ತು ಗುರುಪುರದ ಹೊಳೆಗಳು ಒಂದೇ ಅಳಿವೆಯಲ್ಲಿ ಕಡಲು ಸೇರುವ ಈ ಸ್ಥಳದಲ್ಲಿ 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಹದಿನೇಳು ವರ್ಷಗಳಿಗೆ ಕಡಿಮೆಯಿಲ್ಲದಂತೆ ನೆಲಸಿದ್ದನು. ಟ್ಯುನೀಶಿಯಾ ತೀರದಲ್ಲಿ ಹುಟ್ಟಿದವನು, ಏಡನ್ನಿನ ಮಿತ್ರರೊಡನೆ ವ್ಯಾಪಾರ ಮಾಡುತ್ತಿದ್ದವನು. ಇಲ್ಲಿ ಹಿತ್ತಾಳೆ ಕಂಚಿನ ಪಾತ್ರೆಗಳ ಕಾರ್ಖಾನೆ ಇಟ್ಟಿದ್ದವನು. ಅವನಿಗೆ ಬಂದ ಕಾಗದಗಳು ಕೈರೋ ನಗರದ ಹಳೆಯ ಯೆಹೂದಿ ಮಂದಿರವೊಂದರ ಕೋಣೆಯಲ್ಲಿ ಎಂಟು ನೂರು ವರ್ಷ ಬಿದ್ದಿದ್ದು ಹೊರಬಂದುವು. ಅವನ ವ್ಯಾಪಾರ ನೋಡಿಕೊಳ್ಳಲು ಏಡನ್ನಿಗೆ ಹೋಗಿ ಬರುತ್ತಿದ್ದ ಆಳಿನ ಹೆಸರು ಬೊಮ್ಮ. ಆಶು ಎಂಬ ಇಲ್ಲಿನ ದಾಸಿಯನ್ನು 1132ರಲ್ಲಿ ಬಿಡುಗಡೆ ಮಾಡಿದ ಪತ್ರವೂ ಉಳಿದಿದೆ. ರಾಜರ ಶಾಸನಗಳಲ್ಲಿ ಇಂಥವರ ಹೆಸರು ಬರುವುದಿಲ್ಲ. ಇಬ್ನ್ ಬತೂತನು ಬಂದಾಗ ಪರ್ಶಿಯಾ, ಯೆಮನ್ ದೇಶಗಳ ವರ್ತಕರು ಇಳಿಯುವ ಊರೆಂದು ಮಂಗಳೂರನ್ನು ವರ್ಣಿಸಿದ್ದಾನೆ. ಆ ಹಳೆಯ ಬಂದರಿನಲ್ಲಿ ಹೂಳು ತುಂಬಿ, ಉಗಿಹಡಗುಗಳು ಅಳಿವೆಯ ಹೊರಗೇ ನಿಲ್ಲಬೇಕಾಗಿ ಬಂದುದು ಹಿಂದಿನ ಶತಮಾನದ ಮಾತು. 1974ರಲ್ಲಿ ದೇಶದ ದೊಡ್ಡ ಬಂದರುಗಳ ಸಾಲಿಗೆ ಸೇರಿದ ಪಣಂಬೂರಿನ ಹೊಸ ಬಂದರಾದರೋ ನದಿಯ ಹಂಗಿಲ್ಲದೆ ನೆಲವನ್ನೇ ಕಡಿದು ಮಾಡಿದುದು. ಬಂದರೊಂದು ಹೊಳೆಯಿಂದ ಬಿಡುಗಡೆ ಪಡೆದುದು ಈ ತೀರದ ಬಾಳಿನಲ್ಲಿ ಅದೇ ಮೊದಲು.

ಮೂಲ್ಕಿ, ಪಡುಬಿದ್ರಿ, ಕಾಪು, ಉದ್ಯಾವರಗಳನ್ನು ಬೇಗನೆ ದಾಟಿದೆವು. ಉದ್ಯಾವರ ಆಳುಪರ ರಾಜಧಾನಿಯಾಗಿತ್ತೆಂಬುದನ್ನು ಮಾಸ್ತರರು ನೆನಪಿಸುವ ಹೊತ್ತಿಗೆ ಅದು ಹಿಂದಾಗಿತ್ತು. ಉಡುಪಿಯಲ್ಲಿ ನಿಲ್ಲಲಿಲ್ಲ, ಅದು ಬದುಕಿರುವ ಊರು, ತನ್ನ ಕಥೆಯನ್ನು ತಾನೇ ಹೇಳಿಕೊಳ್ಳಬಲ್ಲುದು. ಕಲ್ಯಾಣಪುರದ ಸೇತುವೆಯಲ್ಲಿ ಸ್ವರ್ಣೆಯನ್ನು ದಾಟಿ, ಬ್ರಹ್ಮಾವರದಲ್ಲಿ ಬಲಕ್ಕೆ ತಿರುಗಿ ಬಾರಕೂರಿಗೆ ಹೋದೆವು.

ಬಾರಕೂರು ಆಳುಪರಿಗೂ ರಾಜಧಾನಿ, ಬಳಿಕ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಪ್ರಾಂತಕ್ಕೂ ರಾಜಧಾನಿ. ಶಾಸನಗಳಲ್ಲಿ ಹತ್ತು ಕೇರಿಗಳ ಮಾತು ಬರುತ್ತದೆ. ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ ಎಂಬ ಹೆಸರುಗಳು ಇಂದಿಗೂ ಜನರ ಬಾಯಲ್ಲಿವೆ. ವರ್ಷದ ದಿನಗಳಷ್ಟು ದೇವಸ್ಥಾನಗಳಿದ್ದುವೆಂಬ ಮಾತನ್ನು ಯಾರೂ ಎಣಿಸಿ ಹೇಳಿದ್ದಲ್ಲ. ಆದರೆ ಗದ್ದೆಯ ಬದಿಯಲ್ಲೊಂದು ಗುಡಿ, ತೆಂಗಿನ ತೋಟದಲ್ಲೊಂದು ಬಸದಿಯ ಪಂಚಾಂಗ, ಯಾರದೋ ಅಂಗಳದ ಮೂಲೆಯಲ್ಲೊಂದು ಶಾಸನದ ಕಲ್ಲು, ಹೀಗೆ ನೋಡುತ್ತ ಹೋದಂತೆ ಅದನ್ನು ಅಲ್ಲಗಳೆಯುವ ಉತ್ಸಾಹವೂ ಉಡುಗಿಹೋಗುತ್ತದೆ. ಕತ್ತಲೆ ಬಸದಿಯ ಹಾಳುಗಂಬಗಳ ನಡುವೆ ನಿಂತಾಗ ಭಾವ, ‘ಮಾಸ್ತರೇ, ಇಷ್ಟು ದೊಡ್ಡ ಊರಿಗೆ ಹಡಗು ಎಲ್ಲಿಂದ ಬರುತ್ತಿತ್ತು?’ ಎಂದು ಕೇಳಿದರು. ಸೀತಾ ನದಿಯನ್ನು ಕಂಡವರಿಗೆ ಬರಬೇಕಾದ ಪ್ರಶ್ನೆಯೇ ಅದು. ದೊಡ್ಡ ಹಡಗುಗಳು ಕೆಳಗೆ ಹಂಗಾರಕಟ್ಟೆಯಲ್ಲಿ, ಸೀತಾ ಸ್ವರ್ಣೆಗಳು ಕೂಡಿ ಕಡಲಿಗಿಳಿಯುವಲ್ಲಿ ತಂಗುತ್ತಿದ್ದುವು; ಸರಕು ದೋಣಿಗಳಲ್ಲಿ ಮೇಲೆ ಬರುತ್ತಿತ್ತು. ಇಬ್ನ್ ಬತೂತನು ‘ಫಾಕನೂರ್’ ಎಂದು ಕರೆದ ಬಂದರು ಇದೇ. ಇಲ್ಲಿ ಹಾದುಹೋಗುವ ಪ್ರತಿಯೊಂದು ಹಡಗೂ ಲಂಗರು ಹಾಕಿ ಅರಸನಿಗೆ ಕಾಣಿಕೆ ಒಪ್ಪಿಸಲೇಬೇಕು, ಅದು ಬಂದರಿನ ಹಕ್ಕು. ಒಪ್ಪಿಸದೆ ಹೋದವರನ್ನು ಬೆನ್ನಟ್ಟಿ ಹಿಡಿದು ತರುತ್ತಾರೆ ಎಂದು ಅವನು ಬರೆದಿದ್ದಾನೆ.

ಬಾರಕೂರಿನ ಭೂತಾಳಪಾಂಡ್ಯನ ಐತಿಹ್ಯವನ್ನು ಅಳಿಯಸಂತಾನದ ಮೂಲಕಥೆಯೆಂದು ಎಲ್ಲರೂ ಬಲ್ಲರು. ಆದರೆ ಆ ಕಥೆ ಆರಂಭವಾಗುವುದು ಹಡಗಿನಿಂದ ಎಂಬುದನ್ನು ಮರೆಯುತ್ತೇವೆ. ದೇವಪಾಂಡ್ಯನು ಕಟ್ಟಿಸಿದ ಹೊಸ ಹಡಗುಗಳು ನೀರಿಗಿಳಿಯಲೊಲ್ಲವು. ಕುಂಡೋದರ ಭೂತನು ನರಬಲಿ ಕೇಳುತ್ತಾನೆ. ಮಡದಿ ತನ್ನ ಮಕ್ಕಳನ್ನು ಕೊಡುವುದಿಲ್ಲ, ತಂಗಿ ತನ್ನ ಮಗನನ್ನು ಕೊಡಲು ಮುಂದೆ ಬರುತ್ತಾಳೆ. ಭೂತನು ಮೆಚ್ಚಿ ಹುಡುಗನನ್ನು ಉಳಿಸುತ್ತಾನೆ. ಆಸ್ತಿ ಅಳಿಯನಿಗೆ ಸಲ್ಲುತ್ತದೆ. ಇದನ್ನು ಚರಿತ್ರೆಯೆಂದು ವಿದ್ವಾಂಸರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಮನೆಯ ಆಸ್ತಿ ಯಾರಿಗೆ ಎಂಬ ಪ್ರಶ್ನೆಗೂ ಹಡಗು ನೀರಿಗಿಳಿಯುವುದಕ್ಕೂ ಗಂಟು ಹಾಕಿ ಕಥೆ ಕಟ್ಟಿದ ಜನರ ಬಾಳು ಯಾವುದನ್ನು ಆಶ್ರಯಿಸಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಎರಡನೆಯ ದಿನ ಬೆಳಗ್ಗೆ ಕುಂದಾಪುರದಿಂದ ಒಳಕ್ಕೆ ಬಸರೂರಿಗೆ ಹೋದೆವು. ನನ್ನ ಮಟ್ಟಿಗೆ ಈ ಪ್ರಯಾಣದ ಸಾರ್ಥಕ್ಯವೆಲ್ಲ ಬಸರೂರಿನಲ್ಲಿದೆ. ಪೋರ್ತುಗೀಸರು ‘ಬಾರ್ಸೆಲೋರ್’ ಎಂದು ಕರೆದ ಈ ಪಟ್ಟಣಕ್ಕೆ ಮೂಡುಕೇರಿ, ಪಡುಕೇರಿ ಎಂದು ಎರಡು ಭಾಗ. ಶಾಸನಗಳಲ್ಲಿ ಸೆಟ್ಟಿಗಳು, ನಖರಗಳು, ಹಂಜಮಾನದವರು ಎಂದು ವರ್ತಕರ ಸಂಘಗಳ ಹೆಸರು ಬರುತ್ತದೆ. ಹಂಜಮಾನವೆಂದರೆ ‘ಅಂಜುಮನ್’ ಎಂಬ ಪಾರಸಿ ಶಬ್ದವೇ. ಕಡಲಾಚೆಯಿಂದ ಬಂದ ವರ್ತಕರ ಕೂಟವು ಕನ್ನಡ ಶಾಸನದಲ್ಲಿ ಕನ್ನಡದ ಹೆಸರಾಗಿ ಕುಳಿತಿದೆ. ವಿಜಯನಗರದ ಅರಸನಿಗೆ ಕಪ್ಪ ಕೊಟ್ಟರೂ ಬಸರೂರಿನ ಸೆಟ್ಟಿಗಳು ಊರಿನ ಕಾರುಬಾರನ್ನು ಬಹುಮಟ್ಟಿಗೆ ತಾವೇ ನಡೆಸುತ್ತಿದ್ದರು. ಅವರ ಬಲವಿದ್ದುದು ಅಕ್ಕಿಯಲ್ಲಿ. ಗೋವೆಯ ಪೋರ್ತುಗೀಸರಿಗೆ ಕೋಟೆಯಿತ್ತು, ಹಡಗಿತ್ತು, ತೋಪಿತ್ತು. ಉಣ್ಣುವ ಅಕ್ಕಿ ಮಾತ್ರ ಬಸರೂರು, ಮಂಗಳೂರುಗಳಿಂದ ಬರಬೇಕಾಗಿತ್ತು. ಕಡಲಿನಲ್ಲಿ ಪರವಾನೆಯಿಲ್ಲದೆ ಹಡಗು ಓಡಿಸಕೂಡದೆಂದು ಅವರು ಕಟ್ಟಳೆ ಮಾಡಿದರು; ಮಾಪಿಳ್ಳೆ ವರ್ತಕರೊಡನೆ ಸೇರಿ ಸೆಟ್ಟಿಗಳು ಅದನ್ನು ಕೈಲಾದಷ್ಟು ಮುರಿದರು. ಕೊನೆಗೆ 1568-69ರಲ್ಲಿ ವೈಸರಾಯ್ ಲೂಯಿಸ್ ದ ಅತಾಯ್ದೆ ಮಂಗಳೂರು, ಹೊನ್ನಾವರ, ಬಸರೂರುಗಳನ್ನು ಹಿಡಿದು ಅಳಿವೆಗಳಲ್ಲಿ ಕೋಟೆ ಕಟ್ಟಿಸಿದನು. ಅಂದಿನಿಂದ ಬಸರೂರು ಎರಡಾಯಿತು: ಒಳಗೆ ಸೆಟ್ಟಿಗಳ ಮೇಲಣ ಬಸರೂರು, ಅಳಿವೆಯ ಬಳಿ ಪೋರ್ತುಗೀಸರ ಕೆಳಗಣ ಬಸರೂರು. ಇಕ್ಕೇರಿಯಿಂದ ಘಟ್ಟವಿಳಿದು ಬಂದ ದೆಲ್ಲಾ ವಾಲ್ಲೆ ಎರಡನ್ನೂ ಕಂಡನು. ಊರಿನ ಬಾಗಿಲಿಗೆ ಬೇರೊಬ್ಬನು ಬೀಗ ಹಾಕಿಕೊಂಡು ಕುಳಿತುದಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ನಮ್ಮ ಚರಿತ್ರೆಯಲ್ಲಿಲ್ಲ. ಆ ಬೀಗವನ್ನು 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕನು ಒಡೆದನು. ಹನ್ನೆರಡು ವರ್ಷಗಳೊಳಗೆ, 1665ರ ಫೆಬ್ರುವರಿಯಲ್ಲಿ, ಶಿವಾಜಿಯು ಹಡಗುಗಳೊಡನೆ ಕಡಲಿನಿಂದ ಬಂದು ಬಸರೂರನ್ನು ಸೂರೆಮಾಡಿ, ಗೋಕರ್ಣದ ದಾರಿಯಾಗಿ ಹಿಂದಿರುಗಿದನು. ಕೊಳ್ಳೆಗೆ ಆರಿಸಿಕೊಳ್ಳುವಷ್ಟು ಸಂಪತ್ತು ಆಗಲೂ ಅಲ್ಲಿತ್ತೆಂದಾಯಿತು.

ಈಗ ಅಲ್ಲಿ ಮಹಾಲಿಂಗೇಶ್ವರ ದೇವಸ್ಥಾನವಿದೆ, ದೇವಿಯ ಗುಡಿಯಿದೆ, ಶಾಸನದ ಕಲ್ಲುಗಳಿವೆ, ಅಡಕೆಯ ತೋಟಗಳಿವೆ. ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹಿರಿಯರೊಬ್ಬರನ್ನು ಮಾಸ್ತರರು ಹಳೆಯ ಬಂದರು ಎಲ್ಲಿಯೆಂದು ಕೇಳಿದರು. ಅವರು ಹೊರೆಯನ್ನು ಇಳಿಸದೆಯೇ, ‘ಬಂದರ ನೋಡುಕೆ ಬಂದದ್ದಾ? ಬಂದರ ಈಗ ಎಲ್ಲಿತ್ತ್ ಮಾರಾಯ್ರೆ! ಹೊಳಿ ಇತ್ತ್, ಅಷ್ಟೆ’ ಎಂದರು. ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು: ಕುಂದಾಪುರದ ಕನ್ನಡದಲ್ಲಿ ‘ಇತ್ತ್’ ಎಂದರೆ ‘ಇದೆ’ ಎಂದರ್ಥ. ಹಿಂದಿನದನ್ನೂ ಇಂದಿನದನ್ನೂ ಒಂದೇ ಧ್ವನಿಯಲ್ಲಿ ಕೇಳಿಸುವ ಈ ಮಾತು ಬಸರೂರಿಗೆ ಎಷ್ಟು ಒಪ್ಪುತ್ತದೆಂದು ವಾಹನ ಹತ್ತಿದ ಮೇಲೆ ನಮಗೆ ಹೊಳೆಯಿತು.

ಇಲ್ಲಿ ನಮ್ಮ ಜನರ ಮಾತನ್ನೂ ಸ್ವಲ್ಪ ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಕನ್ನಡ ಜಿಲ್ಲೆಗಳ ಹಳೆಯ ಇಗರ್ಜಿಗಳ ಪಟ್ಟಿ ಮಾಡಿದರೆ ಅದು ಬಹುಮಟ್ಟಿಗೆ ಬಂದರುಗಳ ಪಟ್ಟಿಯೇ ಆಗುತ್ತದೆ. ಮಂಗಳೂರಿನ ರೊಸಾರಿಯೊ 1568ರದು, ಕುಂದಾಪುರದ್ದು 1570ರದು. ಎರಡೂ ಕೋಟೆಗಳ ಬೆನ್ನಿಗೇ ಬಂದುವು. ಆದರೆ ಜನ ಬೆಳೆದುದು ಕೋಟೆಯ ನೆರಳಿನಲ್ಲಲ್ಲ. ಗೋವೆಯಲ್ಲಿ ಬರ, ತೆರಿಗೆ, ಮತವಿಚಾರಣೆ, ಮರಾಠರ ದಾಳಿಗಳಿಂದ ಬೇಸತ್ತು ದಕ್ಷಿಣಕ್ಕೆ ಬಂದವರಿಗೆ ಕೆಳದಿಯ ಅರಸರು ಉಳುವ ನೆಲ ಕೊಟ್ಟರು. ಅವರು ಗೆಯ್ದು ಬೆಳೆಸಿದ ಅಕ್ಕಿಯೇ ಮತ್ತೆ ಹೊಳೆಯಲ್ಲಿಳಿದು ಗೋವೆಗೆ ಹೋಯಿತು. 1678ರ ಒಪ್ಪಂದದಲ್ಲಿ ಕೆಳದಿಯವರು ಇಗರ್ಜಿ ಕಟ್ಟಲು ಸಮ್ಮತಿಸಿದ ಸ್ಥಳಗಳು ಮಿರ್ಜಾನ, ಚಂದಾವರ, ಭಟಕಳ, ಕಲ್ಯಾಣಪುರ. ಎಲ್ಲವೂ ಹೊಳೆಯ ನೆರೆಯ ವ್ಯಾಪಾರದ ಸ್ಥಳಗಳು. 1681ರಿಂದ 1684ರವರೆಗೆ ಈ ತೀರದಲ್ಲಿ ಕಾಲ್ನಡಿಗೆಯಿಂದಲೂ ದೋಣಿಯಿಂದಲೂ ಸಂಚರಿಸಿದ ಗುರು ಜೋಸೆಫ್ ವಾಜ್ (2015ರಲ್ಲಿ ಸಂತ ಪದವಿ ಪಡೆದವರು) ಮಂಗಳೂರು, ಬಸರೂರು, ಗಂಗೊಳ್ಳಿ, ಹೊನ್ನಾವರಗಳ ನಡುವೆ ಹಾಕಿದ ಹೆಜ್ಜೆ ನಮ್ಮ ಇಂದಿನ ಹೆದ್ದಾರಿಯ ಗೆರೆಯೇ. 1784ರ ಫೆಬ್ರುವರಿಯಲ್ಲಿ ಟಿಪ್ಪುವಿನ ಆಜ್ಞೆಯಂತೆ ಈ ಜನರನ್ನು ಸೆರೆಹಿಡಿದು ಕಡಲಿಗೆ ಬೆನ್ನುಮಾಡಿಸಿ ಘಟ್ಟ ಹತ್ತಿಸಿದರು. ಹಾಗೆ ನಡೆದವರು ಎಷ್ಟು ಸಾವಿರವೆಂಬುದರಲ್ಲಿ ಇತಿಹಾಸಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಬಹುಪಾಲು ಇಗರ್ಜಿಗಳು ನೆಲಸಮವಾದುದರಲ್ಲಿ ಮತಭೇದವಿಲ್ಲ. 1799ರ ಬಳಿಕ ಉಳಿದವರು ಇಳಿದು ಬಂದರು. ಬಂದವರು ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಆದರೆ ಅಷ್ಟರಲ್ಲಿ ಆ ಊರುಗಳಲ್ಲಿ ಹಲವು ಬಂದರುಗಳಾಗಿ ಉಳಿದಿರಲಿಲ್ಲ. ಇಂದು ಹೆದ್ದಾರಿಯಿಂದ ದೂರ, ಹೊಳೆಯ ಬದಿಯ ತೆಂಗುಗಳ ನಡುವೆ ಇಷ್ಟು ದೊಡ್ಡ ಇಗರ್ಜಿ ಏಕೆಂದು ಪರಸ್ಥಳದವರು ಕೇಳುವುದುಂಟು. ಕಟ್ಟಿದಾಗ ಹೆದ್ದಾರಿ ಅದರ ಮುಂದೆಯೇ ಹರಿಯುತ್ತಿತ್ತು ಎಂಬುದೇ ಉತ್ತರ.

ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕೆ, ನಡುವೆ ರಸ್ತೆ. ಆ ಸೊಬಗನ್ನು ಎಲ್ಲರೂ ಬಣ್ಣಿಸಿದ್ದಾರೆ. ನಾವೂ ಇಳಿದು ನೋಡಿ, ಚಹಾ ಕುಡಿದು ಮುಂದರಿದೆವು. ಬೈಂದೂರು ಕಳೆದು ಭಟಕಳ ತಾಲೂಕು ಸೇರುವಲ್ಲಿ ಒಂದು ಹಳೆಯ ಗಡಿಯಿದೆ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ ಕುಂದಾಪುರವನ್ನು ಮದರಾಸಿಗೇ ಉಳಿಸಿಕೊಂಡರು. 1956ರ ತನಕ, ತೊಂಬತ್ತಕ್ಕೂ ಮಿಕ್ಕಿದ ವರ್ಷ, ಈ ಗಡಿಯ ಈಚೆಯವರು ಮದರಾಸಿನ ಕಡೆಗೂ ಆಚೆಯವರು ಮುಂಬಯಿಯ ಕಡೆಗೂ ಮುಖ ಮಾಡಿದರು. ಒಂದೇ ಕರಾವಳಿಯ ಎರಡು ತುಂಡುಗಳು ಇಂದಿಗೂ ಒಂದರ ಚರಿತ್ರೆಯನ್ನೊಂದು ಅಷ್ಟಾಗಿ ಅರಿಯದಿರುವುದಕ್ಕೆ ಈ ಗಡಿಯೂ ಕಾರಣವೆಂದು ನನ್ನ ಎಣಿಕೆ.

ಭಟಕಳ ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ಬಂದರು. 16ನೆಯ ಶತಮಾನದ ಆದಿಯಲ್ಲಿ ಪೋರ್ತುಗೀಸ್ ಬರಹಗಾರ ದುವಾರ್ತೆ ಬಾರ್ಬೋಸನು ಇಲ್ಲಿನ ಅಕ್ಕಿ, ಸಕ್ಕರೆ, ಕಬ್ಬಿಣ, ತಾಮ್ರಗಳ ವ್ಯಾಪಾರವನ್ನು ವರ್ಣಿಸಿದ್ದಾನೆ. 1510ರಲ್ಲಿ ಆಲ್ಬುಕರ್ಕನು ಇಲ್ಲಿ ಕೋಟೆ ಕಟ್ಟಲು ಕೃಷ್ಣದೇವರಾಯನ ಅನುಮತಿ ಬೇಡಿದ್ದನು. 1542ರಲ್ಲಿ ಮಾರ್ತಿಂ ಅಫೋನ್ಸೊ ದ ಸೋಸನು ಊರನ್ನು ಸುಟ್ಟನು. ಆ ಊರಿನೊಳಗೆ ಇಂದಿಗೂ ಅರ್ಧ ಗಂಟೆಯ ನಡಿಗೆಯಲ್ಲಿ ಜಟ್ಟಪ್ಪನಾಯಕನ ಬಸದಿ, ವರ್ತಕ ಖೇತಪೈ ಕಟ್ಟಿಸಿದ ನಾರಾಯಣ ದೇವಸ್ಥಾನ, ನವಾಯತರ ಹಳೆಯ ಮಸೀದಿ ಮೂರನ್ನೂ ನೋಡಬಹುದು. ಅರಬ್ಬಿ, ಪಾರಸಿ ಶಬ್ದಗಳು ಬೆರೆತ ಕೊಂಕಣಿಯಂಥ ನವಾಯತಿ ನುಡಿಯನ್ನು ಅಂಗಡಿಯೊಂದರಲ್ಲಿ ಕೇಳಿದೆವು. ಮನೆಯಲ್ಲಿ ಕೊಂಕಣಿ ಆಡುವ ನಾನು ಅರ್ಧಕ್ಕರ್ಧ ಗ್ರಹಿಸಿದೆ. ಪೇಟೆಯ ಈ ನೆರೆಹೊರೆಯ ಸಹವಾಸ ಇತ್ತೀಚಿನ ವರ್ಷಗಳಲ್ಲಿ ಪತ್ರಿಕೆಗಳ ಸುದ್ದಿಯಲ್ಲಿ ಬರುವುದಕ್ಕಿಂತ ಬಹಳ ಹಳೆಯದು ಎಂದಷ್ಟೇ ಇಲ್ಲಿ ಹೇಳುತ್ತೇನೆ. ಮುರ್ಡೇಶ್ವರದ ಗೋಪುರ ದೂರದಿಂದಲೇ ಕಂಡಿತು.

ಹೊನ್ನಾವರದಲ್ಲಿ ಶರಾವತಿ ಕಡಲಿನಷ್ಟೇ ಅಗಲವೋ ಎಂಬಂತೆ ಹರಡಿದ್ದಾಳೆ. ರೈಲಿನ ಸೇತುವೆ ಎರಡು ಕಿಲೋಮೀಟರಿಗೂ ಮಿಕ್ಕಿ ಉದ್ದವಿದೆ. 1342ರಲ್ಲಿ ಇಲ್ಲಿ ಆಳುತ್ತಿದ್ದವನು ಸುಲ್ತಾನ ಜಮಾಲುದ್ದೀನ್. ಹರಿಹರ ಎಂಬ ಹಿಂದೂ ಅರಸನ ಸಾಮಂತನೆಂದು ಇಬ್ನ್ ಬತೂತನ ಹೇಳಿಕೆ. ಊರಿನ ಹೆಂಗಸರೆಲ್ಲ ಕುರಾನನ್ನು ಬಾಯಿಪಾಠ ಮಾಡಿದವರು, ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳು, ಇಂಥದನ್ನು ಬೇರೆಲ್ಲಿಯೂ ಕಾಣಲಿಲ್ಲ ಎಂದು ಅವನು ಬೆರಗುಗೊಂಡಿದ್ದಾನೆ. ಅರಮನೆಯ ಊಟವನ್ನೂ ಬಿಡದೆ ವರ್ಣಿಸಿದ್ದಾನೆ: ಅನ್ನ, ತುಪ್ಪ, ಮೆಣಸು ಶುಂಠಿ ನಿಂಬೆ ಮಾವುಗಳ ಉಪ್ಪಿನಕಾಯಿ. ಹನ್ನೊಂದು ತಿಂಗಳು ರೊಟ್ಟಿಯ ಮುಖ ಕಾಣದೆ ಅನ್ನವನ್ನೇ ಉಂಡ ಬೇಸರವನ್ನೂ ತೋಡಿಕೊಂಡಿದ್ದಾನೆ. ನಮ್ಮ ಕರಾವಳಿಗೆ ಬಂದ ಘಟ್ಟದವರು ಇಂದಿಗೂ ಹಾಡುವ ಹಾಡು ಅದೇ ಅಲ್ಲವೆ!

ಇಲ್ಲಿಂದ ಮಾಸ್ತರರ ನಿಯಮದಂತೆ ಸುಮಾರು 30 ಕಿಲೋಮೀಟರು ಒಳಕ್ಕೆ, ಗೇರುಸೊಪ್ಪೆಗೆ. 1623ರಲ್ಲಿ ದೆಲ್ಲಾ ವಾಲ್ಲೆ ದೋಣಿಯಲ್ಲಿ ಇದೇ ಹೊಳೆಯನ್ನೇರಿ ಹೋದನು. ತಾನು ಕಂಡ ನದಿಗಳಲ್ಲೆಲ್ಲ ಅತ್ಯಂತ ಚೆಲುವಾದವುಗಳಲ್ಲಿ ಇದೊಂದೆಂದು ಮೆಚ್ಚಿ ಬರೆದನು. ಆದರೆ ಮೇಲೆ ಕಂಡುದು ಹಾಳೂರು. ಅರಮನೆ ಬಿದ್ದು ಹುಲ್ಲು ಗಿಡಗಳು ಮುಚ್ಚಿದ್ದುವು. ಉಳಿದುದು ಕೆಲವು ಗುಡಿಸಲುಗಳು. ಪೋರ್ತುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿ ಐವತ್ತಕ್ಕೂ ಹೆಚ್ಚು ವರ್ಷ ಆಳಿ, 17ನೆಯ ಶತಮಾನದ ಮೊದಲ ದಶಕದಲ್ಲಿ ಕೆಳದಿಯ ವೆಂಕಟಪ್ಪನಾಯಕನಿಗೆ ಸೋತು ಇನ್ನೂ ಎರಡು ದಶಕ ಕಳೆದಿರಲಿಲ್ಲ. ರಾಣಿಯು ಪರದೇಶಿಯೊಬ್ಬನಲ್ಲಿ ಅನುರಕ್ತಳಾಗಿ ರಾಜ್ಯವನ್ನು ಕಳೆದುಕೊಂಡಳೆಂಬ ಕಥೆಯೊಂದು ಅವನ ಕಿವಿಗೆ ಬಿತ್ತು. ಅವನು ಗೆದ್ದ ಅರಸನಲ್ಲಿಗೆ ಹೋಗುವ ರಾಯಭಾರಿಯ ತಂಡದಲ್ಲಿದ್ದನೆಂಬುದನ್ನು ನೆನಪಿನಲ್ಲಿಟ್ಟರೆ ಆ ಕಥೆಗೆ ಎಷ್ಟು ಬೆಲೆ ಕೊಡಬೇಕೆಂಬುದು ತಿಳಿಯುತ್ತದೆ. ಸೋತ ಅರಸರ ವಿಷಯದಲ್ಲಿ ದುರಾದೃಷ್ಟವೆನ್ನುವ ಲೋಕ ಸೋತ ರಾಣಿಯ ವಿಷಯದಲ್ಲಿ ಶೀಲವನ್ನು ಹುಡುಕುತ್ತದೆ. ಹೊಳೆಯಾಚೆಯ ಕಾಡಿನಲ್ಲಿ ನಿಂತಿರುವ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಒಳಗೆ ಕಲ್ಲಿನ ತಂಪು. ಹೊರಗೆ ಒಂದು ಕಾಲದಲ್ಲಿ ಬೀದಿಗಳಿದ್ದುವೆಂದು ನಂಬುವುದಕ್ಕೆ ಕಾಲಿಗೆ ತಡೆಯುವ ಇಟ್ಟಿಗೆ ಚೂರುಗಳನ್ನಲ್ಲದೆ ಬೇರೇನನ್ನೂ ಕಾಡು ಬಿಟ್ಟುಕೊಟ್ಟಿಲ್ಲ. ಗೇರುಸೊಪ್ಪೆಯಲ್ಲಿ ಶರಾವತಿಗೆ ಈಗ ವಿದ್ಯುತ್ತಿನ ಅಣೆಕಟ್ಟಿದೆ.

ಮೂರನೆಯ ದಿನ ಕುಮಟೆ. ಈ ಊರಿನ ಹೆಸರು ಒಮ್ಮೆ ಇಂಗ್ಲೆಂಡಿನ ಗಿರಣಿಗಳಲ್ಲಿ ಮನೆಮಾತಾಗಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಧಾರವಾಡದ ಹತ್ತಿ ಎತ್ತಿನ ಮೇಲೆ ದೇವಿಮನೆ ಘಟ್ಟವಿಳಿದು ಕುಮಟೆಯಿಂದ ಹೊರಟಿತು; ಹತ್ತಿಯ ತಳಿಗೇ ಕುಮಟೆಯ ಹೆಸರಾಯಿತು. ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದುದರ ಹಿಂದೆ ಈ ಹತ್ತಿಯ, ಕಾರವಾರ ಬಂದರಿನ ಲೆಕ್ಕಾಚಾರವೂ ಇತ್ತು. ಹುಬ್ಬಳ್ಳಿಯಿಂದ ಕಡಲಿಗೆ ರೈಲು ತರುವ ಮಾತು ಅಂದೇ ಹುಟ್ಟಿತು. ಅದು ಬರುವ ಮೊದಲೇ ಮಡಗಾಂವಿನ ಕಡೆಯ ಮುರ್ಮಗೋವೆಗೆ ಹಳಿ ಬಿದ್ದು ಹತ್ತಿ ಆ ಕಡೆ ಹರಿಯಿತು. 1998ರಲ್ಲಿ ಕೊಂಕಣ ರೈಲು ಕೊನೆಗೂ ಕರಾವಳಿಯುದ್ದಕ್ಕೂ ಓಡಿದಾಗ ಅದೂ ಹೆದ್ದಾರಿಯಂತೆ ಹೊಳೆಗಳಿಗೆ ಅಡ್ಡಲಾಗಿಯೇ ಓಡಿತು.

ಅಘನಾಶಿನಿಯ ಆಚೆ ಮಿರ್ಜಾನದ ಕೋಟೆ ಹೆದ್ದಾರಿಯ ಸಮೀಪದಲ್ಲಿದೆ. ಕೆಂಪು ಚಿರೆಕಲ್ಲಿನ ಆ ಗೋಡೆಗಳು ಮಳೆಗಾಲ ಕಳೆದ ಹೊಸತರಲ್ಲಿ ಪಾಚಿ ಹುಲ್ಲುಗಳಿಂದ ಹಸುರಾಗಿದ್ದುವು. ಪುರಾತತ್ವ ಇಲಾಖೆಯವರು ಇಲ್ಲಿ ಅಗೆದಾಗ ಪೋರ್ತುಗೀಸ್ ನಾಣ್ಯ, ಚೀನದ ಪಿಂಗಾಣಿಯ ಚೂರುಗಳು ದೊರೆತುವು. ಕೋಟೆಯ ಕೆಳಗಿನ ಅಳಿವೆಯಲ್ಲಿ ಗಜನಿ ಗದ್ದೆಗಳಿವೆ; ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗ ಎಂಬ ಭತ್ತ ಅಲ್ಲಿಯದು. ಬಂದರುಗಳು ಸತ್ತರೂ ಅಳಿವೆ ಸತ್ತಿಲ್ಲ. ಚಿಪ್ಪು ಆರಿಸುವ ಹೆಂಗಸರು ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು.

ಅಂಕೋಲೆಯ ಮೊದಲು ಶಿರೂರು. ಬೈಂದೂರಿನ ಬಳಿಯ ಶಿರೂರಲ್ಲ, ಗಂಗಾವಳಿಯ ದಂಡೆಯ ಶಿರೂರು. 2024ರ ಜುಲೈ 16ರ ಬೆಳಗ್ಗೆ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು, ರಸ್ತೆಯನ್ನೂ ರಸ್ತೆಬದಿಯ ಚಹಾದಂಗಡಿಯನ್ನೂ ನಿಂತ ವಾಹನಗಳನ್ನೂ ಹೊಳೆಗೆ ತಳ್ಳಿತು. ಹೊಳೆಯ ನೀರು ಅಲೆಯಾಗಿ ಎದ್ದು ಆಚೆ ದಡದ ಉಳುವರೆ ಗ್ರಾಮದ ಮನೆಗಳಿಗೂ ಬಡಿಯಿತು. ಒಂದು ಲಾರಿಯನ್ನು ಹೊಳೆಯ ತಳದಿಂದ ಮೇಲೆತ್ತಿದುದು 70 ದಿನಗಳಾದ ಮೇಲೆ. ಭಾವ ವಾಹನವನ್ನು ನಿಧಾನ ಮಾಡಿದರು, ಯಾರೂ ಮಾತಾಡಲಿಲ್ಲ. ಘಟ್ಟಕ್ಕೂ ಕಡಲಿಗೂ ನಡುವೆ ಇರುವ ನೆಲದ ಅಗಲ ಇಲ್ಲಿ ಬಹಳ ಕಡಿಮೆ. ಆ ಕಿರಿದಾದ ನೆಲದಲ್ಲಿ ಹೊಳೆಗೆ ಬಿಟ್ಟ ಜಾಗವೆಷ್ಟು, ಗುಡ್ಡಕ್ಕೆ ಬಿಟ್ಟ ಜಾಗವೆಷ್ಟು ಎಂಬ ಲೆಕ್ಕವನ್ನು ಹಿಂದಿನವರು ಬಲ್ಲವರಾಗಿದ್ದರು. ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ನಾಯಕತ್ವದಲ್ಲಿ ಜನ ಉಪ್ಪಿನ ಕಾಯಿದೆ ಮುರಿದರು. ಅದರ ಕಥೆಯನ್ನು ಹೇಳಬೇಕೆಂದು ಮಾಸ್ತರರು ದಾರಿಯುದ್ದಕ್ಕೂ ಕಾದಿದ್ದರು. ಶಿರೂರಿನ ಬಳಿಕ ಅವರಿಗೂ ಉತ್ಸಾಹ ಉಳಿದಿರಲಿಲ್ಲ.

ಕಾರವಾರವನ್ನು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. 1638ರಲ್ಲಿ ಇಂಗ್ಲಿಷರು ಮಸ್ಲಿನ್ ಬಟ್ಟೆಗೂ ಕಾಳುಮೆಣಸಿಗೂ ಇಲ್ಲಿ ಕೋಠಿ ತೆರೆದರು. 1880ರ ದಶಕದ ಆದಿಯಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ರವೀಂದ್ರನಾಥ ಠಾಕೂರರು ಕಾಳಿ ನದಿಯಲ್ಲಿ ದೋಣಿಯೇರಿ ಮೇಲಕ್ಕೆ ಹೋದರು, ಇಲ್ಲಿಯೇ ಒಂದು ನಾಟಕವನ್ನೂ ಬರೆದರು. ತೀರದ ಬಹುಭಾಗವನ್ನು ಈಗ ನೌಕಾದಳ ವಶಪಡಿಸಿಕೊಂಡಿದೆ. ಅದಕ್ಕಾಗಿ ಊರು ಬಿಟ್ಟ ಮೀನುಗಾರರು, ರೈತರು ಹೊಸ ಬಡಾವಣೆಗಳಲ್ಲಿದ್ದಾರೆ.

ಕಾಳಿಯ ಮೇಲೆ 1983ರಲ್ಲಿ ಕಟ್ಟಿದ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿಯ ಬಳಿಕ ಕುಸಿದು ಬಿತ್ತು. ಅದರೊಡನೆ ಬಿದ್ದ ಲಾರಿಯ ಚಾಲಕನು ಲಾರಿಯ ಮೇಲೇರಿ ಕೂಗುತ್ತಿದ್ದುದನ್ನು ಕೇಳಿ ರಕ್ಷಿಸಿದವರು ಮೀನುಗಾರರೂ ಪೊಲೀಸರೂ. ಆ ಕತ್ತಲೆಯಲ್ಲಿ ಅವನನ್ನು ದಡಕ್ಕೆ ತಂದುದು ದೋಣಿ. ನಾವು ಪಕ್ಕದ ಹೊಸ ಸೇತುವೆಯಲ್ಲಿ ದಾಟಿ ಸದಾಶಿವಗಡದ ಗುಡ್ಡ ಹತ್ತಿದೆವು. ಸೋಂದೆಯ ಅರಸರ ಕೋಟೆ ಅಲ್ಲಿತ್ತು. ಬುಕಾನನ್ನನೂ 1801ರಲ್ಲಿ ಇಲ್ಲಿಗೆ ಬಂದು, ಇಲ್ಲಿಂದ ಘಟ್ಟದ ಕಡೆಗೆ ತಿರುಗಿದನು. ಕೆಳಗೆ ಅಳಿವೆಯಲ್ಲಿ ಭರತ ಏರುತ್ತಿತ್ತು. ಮಾಸ್ತರರು ಮೂಡಣಕ್ಕೆ, ಹೊಳೆ ಬರುವ ಕಡೆಗೆ ಬಹಳ ಹೊತ್ತು ನೋಡಿದರು. ‘ಕದ್ರಾದವರೆಗೆ ಹೋಗಿ ಬರೋಣವೆ?’ ಎಂದು ಭಾವ ಕೇಳಿದರು. ಹೊತ್ತಾಗಿತ್ತು. ಕಾಳಿಯನ್ನು ಮುಂದಿನ ವರ್ಷಕ್ಕೆ ಉಳಿಸಿಕೊಂಡು ಗುಡ್ಡವಿಳಿದೆವು.